‘ನಮ್ದೇನೈತ್ರಿ ಹೇಳೂದು’ ಅನ್ನುವವರನ್ನು ಮಾತಾಡಿಸುವುದು ಹೇಗೆ?

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಒಂದು ವರ್ಷದಿಂದ ನಮ್ಮ ಸುತ್ತಿನ ಬೇರೆ ಬೇರೆ ಕೆಲಸದವರನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಕೆಲಸದ ವಿವರ ಅಷ್ಟೇ ಅಲ್ಲ, ಅವರ ವಿಚಾರಗಳೂ ಬೇಕು ಅಂತ ಆಸೆ. ಆದರೆ ಎಲ್ಲರೂ ‘ನಮ್ದೇನೈತ್ರಿ ಹೇಳೂದು, ದುಡೀತೀವಿ, ಉಣ್ತೀವಿ’ ಅನ್ನುತ್ತಾರೆ. ಹತ್ತು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ. ನಾನು ಕೇಳುವುದು ಇಷ್ಟು: ನಿಮ್ಮ ವೃತ್ತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು? ನಿಮ್ಮ ಜೀವನದ ಗುರಿ ಏನು? ಯುವಜನರಿಗೆ ನಿಮ್ಮ ಸಂದೇಶವೇನು? ಮೂವತ್ತು ವರ್ಷ ರೈಸ್ ಮಿಲ್‌ನಲ್ಲಿ ದುಡಿದ ನಮ್ಮ ತಂದೆಯವರೇ ಎರಡನೇ ಪ್ರಶ್ನೆಗೆ ಎದ್ದು ಹೋದರು. ಎಲ್ಲಿ ತಪ್ಪುತ್ತಿದ್ದೇನೆ? ಬರೆಯುವಾಗ ಅವರ ಮಾತನ್ನು ಹಾಗೇ ಇಡಬೇಕಾ, ತಿದ್ದಬೇಕಾ?

ಉತ್ತರ: ಅಕ್ಕೋರೇ, ನಿಮ್ಮ ಮೂರು ಪ್ರಶ್ನೆಗಳನ್ನು ಓದಿ ನಗು ಬಂತು. ನಿಮ್ಮನ್ನು ನೋಡಿ ನಕ್ಕಿದ್ದಲ್ಲ. ಇದೇ ಮೂರನ್ನು ಕಾಗದದ ಮೇಲೆ ಬರೆದುಕೊಂಡು ನಾನೂ ಒಮ್ಮೆ ಸಿಂಧನೂರಿನ ಎಪಿಎಂಸಿಗೆ ಹೋಗಿದ್ದೆ. ರೇಡಿಯೋಗೆ ಕಾರ್ಯಕ್ರಮ ಮಾಡಿಕೊಡುವ ಕೆಲಸ ಆಗಷ್ಟೇ ಸಿಕ್ಕಿತ್ತು. ಒಬ್ಬ ಹಮಾಲರನ್ನು ಗೋಡೆ ನೆರಳಿಗೆ ಕೂರಿಸಿ, ಮೈಕ್ ಹಿಡಿದು, ‘ನಿಮ್ಮ ಜೀವನದ ಗುರಿ ಏನು?’ ಅಂದೆ. ಅವರು ಮೈಕ್ ನೋಡಿದರು, ನನ್ನನ್ನು ನೋಡಿದರು. ಆಮೇಲೆ ‘ಸಂಜಿ ಆಗೂದು ನೋಡ್ರಿ’ ಅಂದರು. ಅಕ್ಕಪಕ್ಕ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು.

ಮುಂದೇನು ಕೇಳಬೇಕೋ ತೋಚಲಿಲ್ಲ. ಮುಜುಗರ ಮುಚ್ಚಿಕೊಳ್ಳಲು ಸುಮ್ನೆ ಒಂದು ಮಾತು ಕೇಳಿದೆ: ‘ಈ ಚೀಲ ಎತ್ತೋದು ಹೆಂಗ್ರಿ?’

ಅವರ ಮುಖವೇ ಬದಲಾಯಿತು. ನಮ್ಮ ಕಡೆ ನೆಲ್ಲಿನ (ಭತ್ತದ) ಚೀಲ ಅಂದರೆ 75 ಕೆ.ಜಿ. ಅದನ್ನು ತೋಳಿನಿಂದ ಎತ್ತಿದರೆ ಎರಡು ವರ್ಷಕ್ಕೆ ಮನುಷ್ಯ ಮುಗಿದ ಅಂದರು. ಚೀಲ ಬೆನ್ನಿಗೆ ಬೀಳುವ ಮುಂಚೆ ಉಸಿರು ಹಿಡಿಯಬೇಕು. ಬಿದ್ದ ಮೇಲೆ ಹಿಡಿದರೆ ತಡವಾಯಿತು. ಲಾರಿಗೆ ಹಾಕಿದ ಹಲಗೆ ಕುಣಿಯುತ್ತದೆ. ಅದು ಮೇಲೆದ್ದಾಗ ಕಾಲಿಡಬೇಕು, ಕೆಳಗೆ ಹೋಗುವಾಗ ಇಡಬಾರದು. ಎದ್ದು ನಿಂತು ತೋರಿಸಿದರು. ‘ಹಂಗಲ್ಲ, ಹಿಂಗ’ ಅಂತ ಇನ್ನೊಬ್ಬರು ಬಂದರು. ಹಾಗೆ ಮಾತು ಬೆಳೆದು ಸಂಜೆ ದುಡ್ಡು ಹಂಚುವ ವಿಷಯಕ್ಕೆ ಬಂತು. ಗುಂಪಿನಲ್ಲಿ ಹನ್ನೊಂದು ಮಂದಿ. ಇಬ್ಬರಿಗೆ ವಯಸ್ಸಾಗಿದೆ, ಚೀಲ ಹೊರುವುದಿಲ್ಲ. ಚೀಲದ ಬಾಯಿ ಹೊಲಿಯುತ್ತಾರೆ, ಚೆಲ್ಲಿದ ಕಾಳು ಗುಡಿಸುತ್ತಾರೆ. ಆದರೂ ದುಡ್ಡು ಹನ್ನೊಂದು ಸಮಪಾಲು. ಅದೇಕೆ ಅಂತ ಕೇಳಿದೆ. ‘ಅವರು ಹೊತ್ತ ಚೀಲ ನಾವು ಇಷ್ಟು ವರ್ಷ ನೋಡಿಲ್ಲೇನ್ರಿ?’ ಅಂದರು.

ಪಿಂಚಣಿಯ ಬಗ್ಗೆ ದೊಡ್ಡವರು ಮಾತಾಡಿದ್ದನ್ನು ಆಮೇಲೆ ಬೇಕಾದಷ್ಟು ರೆಕಾರ್ಡ್ ಮಾಡಿದ್ದೇನೆ. ಇಷ್ಟು ಸ್ಪಷ್ಟವಾದ ಮಾತು ಸಿಕ್ಕಿದ್ದು ಕಡಿಮೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ವಿಚಾರ ಬೇಕು ಅಂತ ವಿಚಾರವನ್ನೇ ಕೇಳಿದರೆ ಸಿಗುವುದಿಲ್ಲ. ಕೈಯ ಬಗ್ಗೆ ಕೇಳಿ, ಕಾಲಿನ ಬಗ್ಗೆ ಕೇಳಿ, ಮಾಪಿನ ಬಗ್ಗೆ ಕೇಳಿ, ಕೂಲಿಯ ಬಗ್ಗೆ ಕೇಳಿ. ಅಭಿಪ್ರಾಯ ಅನ್ನುವುದನ್ನು ಯಾರೂ ಪ್ರತ್ಯೇಕ ಡಬ್ಬಿಯಲ್ಲಿ ತುಂಬಿ ಇಟ್ಟುಕೊಂಡಿರುವುದಿಲ್ಲ. ಅದು ಕೆಲಸದ ಜೊತೆ ಕಲಸಿಹೋಗಿರುತ್ತದೆ.

ಇನ್ನೊಂದು ತೊಡಕು ನಿಮ್ಮ ಹುದ್ದೆಯದು. ಊರಿನವರಿಗೆ ನೀವು ಅಕ್ಕೋರು. ಎದುರು ಕೂತು, ಕಾಗದ ನೋಡಿಕೊಂಡು ಪ್ರಶ್ನೆ ಕೇಳಿದರೆ ಅವರಿಗೆ ಪರೀಕ್ಷೆಗೆ ಕೂತ ಹಾಗಾಗುತ್ತದೆ. ಅವರಲ್ಲಿ ಎಷ್ಟೋ ಜನ ಶಾಲೆಯಲ್ಲಿ ಉತ್ತರ ಬರದೆ ಏಟು ತಿಂದು ಬಿಟ್ಟು ಬಂದವರು. ‘ವೃತ್ತಿ’, ‘ಅಭಿಪ್ರಾಯ’, ‘ಸಂದೇಶ’ ಇವೆಲ್ಲ ಪಠ್ಯಪುಸ್ತಕದ ಮಾತುಗಳು. ಅವು ಕಿವಿಗೆ ಬಿದ್ದ ಕೂಡಲೇ ‘ತಪ್ಪಾದರೆ?’ ಅನ್ನುವ ಅಂಜಿಕೆ ಶುರು. ಕಾಗದ ಮನೆಯಲ್ಲೇ ಬಿಟ್ಟು ಹೋಗಿ. ನಿಮಗೆ ಗೊತ್ತಿಲ್ಲದ್ದನ್ನೇ ಕೇಳಿ. ಅವರು ಕಲಿಸುವವರು, ನೀವು ಕಲಿಯುವವರು ಅಂತ ಒಮ್ಮೆ ಆದರೆ ಸಾಕು. ಶಿಕಾಗೋದ ರೇಡಿಯೋದಲ್ಲಿ ಸ್ಟಡ್ಸ್ ಟರ್ಕೆಲ್ ಅಂತ ಒಬ್ಬರಿದ್ದರು (1912–2008). ಹೋಟೆಲಿನಲ್ಲಿ ಬಡಿಸುವವರಿಂದ ಹಿಡಿದು ಕಾರ್ಖಾನೆ ಕೆಲಸಗಾರರವರೆಗೆ ಎಲ್ಲರನ್ನೂ ಮಾತಾಡಿಸಿದವರು. ಅವರಿಗೆ ಟೇಪ್ ರೆಕಾರ್ಡರ್ ನೆಟ್ಟಗೆ ಬಳಸಲು ಬರುತ್ತಿರಲಿಲ್ಲವಂತೆ. ಎದುರಿನವರೇ ಸಹಾಯಕ್ಕೆ ಬರುತ್ತಿದ್ದರು, ಅಷ್ಟರಲ್ಲಿ ಅಂಜಿಕೆ ಹೋಗಿರುತ್ತಿತ್ತು. ನಿಮ್ಮ ಫೋನ್ ನಿಮಗೆ ಚೆನ್ನಾಗಿ ಬರುತ್ತದೆ ಅನ್ನುವುದೇ ನಿಮ್ಮ ದುರದೃಷ್ಟ!

ನನಗೆ ಅತಿ ಹೆಚ್ಚು ಮಾತು ತಂದುಕೊಟ್ಟ ಪ್ರಶ್ನೆ ತೀರ ಚಿಕ್ಕದು. ‘ಇದಕ್ಕೇನಂತೀರಿ?’

ನಿಮ್ಮ ಜಿಲ್ಲೆಯ ಕಿನ್ನಾಳವನ್ನೇ ನೋಡಿ. ಅಲ್ಲಿನ ಬಣ್ಣದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಬೇಕಾದಷ್ಟು ವರದಿಗಳೂ ಬಂದಿವೆ. ವರದಿಗೆ ಹೋದವರು ‘ಕಲೆ ಉಳಿಯುತ್ತಾ?’ ಅಂತ ಕೇಳುತ್ತಾರೆ. ಗೊಂಬೆ ಮಾಡುವ ಚಿತ್ರಗಾರರಿಗೆ ಆ ಪ್ರಶ್ನೆಯ ಉತ್ತರ ಬಾಯಿಪಾಠ ಆಗಿಬಿಟ್ಟಿದೆ. ನಾನು ಹೋದಾಗ ಒಂದು ಬಟ್ಟಲಲ್ಲಿದ್ದ ಕಂದು ಮುದ್ದೆ ತೋರಿಸಿ ಇದಕ್ಕೇನಂತೀರಿ ಅಂದೆ. ‘ಕಿಟ್ಟ.’ ಹಳೇ ಗೋಣಿತಟ್ಟು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನ ಜೊತೆ ಕುಟ್ಟಿದ್ದು. ಹಗುರ ಮರದಲ್ಲಿ ಕೆತ್ತಿದ ಕೈ, ಕಾಲು, ಮೈಯನ್ನು ಜೋಡಿಸುವುದು ಅದರಿಂದಲೇ. ಒಡವೆಯ ಉಬ್ಬು ಕೆಲಸಕ್ಕೆ ಬೇರೆ ಮಿಶ್ರಣ, ಬೆಣಚುಕಲ್ಲಿನ ಪುಡಿಗೆ ಗೋಂದು ಸೇರಿಸಿದ್ದು. ಹೊಳಪಿಗೆ ತವರದ ತಗಡನ್ನು ತೆಳ್ಳಗೆ ಮಾಡಿ ಬಳಸುತ್ತಿದ್ದ ಹಳೆಯ ವಿಧಾನಕ್ಕೆ ಲಾಜವಾರ ಅಂತ ಹೆಸರು. ಹುಣಸೆಬೀಜ ಎಲ್ಲಿಂದ ತರುತ್ತೀರಿ ಅಂದೆ. ಅಲ್ಲಿಂದ ಮರ ಕಡಿಮೆಯಾದ ಕಥೆ, ಕಾಡಿನ ನಿಯಮ, ಸಾಲ, ಮಗ ಬೆಂಗಳೂರಿಗೆ ಹೋದ ಕಥೆ. ‘ಕಲೆ ಉಳಿಯುತ್ತಾ’ ಅಂತ ನಾನು ಕೇಳಲೇ ಇಲ್ಲ, ಅದರ ಉತ್ತರ ಪೂರ್ತಿ ಸಿಕ್ಕಿತು. ನಡುವೆ ಎರಡು ಸಲ ಚಾ ಆಯಿತು.

ಹೆಸರು ಕೇಳುವುದರಿಂದ ಇನ್ನೊಂದು ಲಾಭ ಇದೆ. ನಮ್ಮ ಮೂರು ಜಿಲ್ಲೆಗಳ ಕೆಲಸದ ಮಾತಿನಲ್ಲೇ ಚರಿತ್ರೆ ಅಡಗಿದೆ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮನ ಆಡಳಿತದಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ರಾಯಚೂರಿನ ಮಂಡಿಯಲ್ಲಿ ಹಿಸಾಬು, ಉದ್ರಿ, ದಲಾಲಿ ಅನ್ನುವ ಮಾತು ಕಿವಿಗೆ ಬೀಳುತ್ತಲೇ ಇರುತ್ತವೆ. ಬಳ್ಳಾರಿಯ ಅಂಗಡಿಯಲ್ಲಿ ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಹೀಗೆ ಮಾತಾಡುವವರೇ ‘ನಮ್ಮ ಭಾಷಿ ಚಲೋ ಇಲ್ಲರಿ’ ಅಂತ ನಾಚಿಕೊಳ್ಳುತ್ತಾರೆ. ದಯವಿಟ್ಟು ನಾಚಿಕೊಳ್ಳಲು ಬಿಡಬೇಡಿ. ಆ ಪದ ಯಾರಿಂದ ಕಲಿತಿರಿ ಅಂತ ಕೇಳಿ. ಅಜ್ಜನ ಕಥೆ ತಾನಾಗಿ ಬರುತ್ತದೆ.

ಹೆಣ್ಣುಮಕ್ಕಳ ಮಾತು ಬೇರೆಯೇ ವಿಷಯ. ನೀವು ಶಿಕ್ಷಕಿ, ನಿಮಗೆ ಇದು ನನಗಿಂತ ಸುಲಭ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸವನ್ನು ಎಷ್ಟೋ ಹೆಂಗಸರು ಮನೆಯಲ್ಲೇ ಮಾಡುತ್ತಾರೆ. ಪೀಸ್ ಲೆಕ್ಕದ ಕೂಲಿ. ನಾನು ಹೋದ ಮನೆಯಲ್ಲಿ ಏನು ಕೇಳಿದರೂ ಬಾಗಿಲಲ್ಲಿ ನಿಂತ ಗಂಡನೇ ಉತ್ತರ ಕೊಡುತ್ತಿದ್ದ. ಸಾಕಾಗಿ ನಾನೂ ಒಂದು ಕತ್ತರಿ ಇಸಿದುಕೊಂಡು ದಾರ ಕತ್ತರಿಸಲು ಕೂತೆ. ಗಂಡನಿಗೆ ಬೇಜಾರಾಗಿ ಹೊರಗೆ ಹೋದ. ನಾನು ಕತ್ತರಿಸಿದ್ದು ನೋಡಿ ಆಕೆ, ‘ಅಣ್ಣಾ, ನೀನು ಹಿಂಗ್ ಮಾಡಿದ್ರೆ ನಂಗ್ ನಷ್ಟ’ ಅಂತ ಪ್ಯಾಂಟು ಕಿತ್ತುಕೊಂಡರು. ಅಲ್ಲಿಂದ ಮಾತು ಶುರುವಾಯಿತು. ಕೈ ಖಾಲಿ ಇಟ್ಟುಕೊಂಡು ಕೂತವರ ಮುಂದೆ ಕೆಲಸದಲ್ಲಿರುವವರು ಮಾತಾಡುವುದಿಲ್ಲ. ನಾಟಿ ಹೊತ್ತಿನಲ್ಲಿ ಗದ್ದೆಗೆ ಹೋಗುವುದಾದರೆ ಬದುವಿನ ಮೇಲೆ ನಿಂತು ಕೂಗಬೇಡಿ, ಕೆಸರಿಗೆ ಇಳಿಯಿರಿ.

ಅದೇ ಓಣಿಯ ಒಬ್ಬ ಹುಡುಗ ವಾಷಿಂಗ್ ಘಟಕದಲ್ಲಿದ್ದ. ಜೀನ್ಸ್ ಯಾಕೆ ಮಾಸುತ್ತದೆ ಅಂತ ಅವನು ವಿವರಿಸಿದ್ದು ನನಗೆ ಈಗಲೂ ನೆನಪಿದೆ. ನೀಲಿ ಬಣ್ಣ ನೂಲಿನ ಮೇಲಷ್ಟೇ ಹಿಡಿದಿರುತ್ತದೆ, ಒಳಗೆ ನೂಲು ಬಿಳಿಯಾಗೇ ಇರುತ್ತದೆ. ಹಗುರವಾದ ರಂಧ್ರದ ಕಲ್ಲುಗಳ ಜೊತೆ ದೊಡ್ಡ ಮೆಷಿನ್ನಿನಲ್ಲಿ ತಿರುಗಿಸಿದರೆ ಮೇಲಿನ ನೀಲಿ ಸವೆದು ಬಿಳಿ ಇಣುಕುತ್ತದೆ. ಅಂದರೆ ಅವನ ಕೆಲಸ ಹೊಸ ಪ್ಯಾಂಟನ್ನು ಹಳೆಯದು ಮಾಡುವುದು. ‘ಹೊಸಾದು ಹಳೇದು ಮಾಡಿದ್ರೆ ರೇಟ್ ಜಾಸ್ತಿ ಅಣ್ಣಾ. ನಮ್ಮಪ್ಪನ ಪ್ಯಾಂಟು ತಾನಾಗೇ ಹಳೇದಾಗೈತೆ, ಅದನ್ಯಾರೂ ತಗಳಲ್ಲ ನೋಡು.’ ಇಪ್ಪತ್ತು ವರ್ಷದ ಹುಡುಗ. ಫ್ಯಾಷನ್ ಬಗ್ಗೆ ನಿನ್ನ ಅಭಿಪ್ರಾಯವೇನು ಅಂತ ಕೇಳಿದ್ದರೆ ಪಾಪ ಏನು ಹೇಳುತ್ತಿದ್ದನೋ.

ಕೆಲಸದಿಂದ ವಿಚಾರ ಹುಟ್ಟುವುದು ನಮ್ಮ ಕಡೆ ಹೊಸದೇನಲ್ಲ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನಿಮಗೆ ಗೊತ್ತೇ ಇದೆ. ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ಜಾಸ್ತಿ ತಂದ. ಇಷ್ಟೇಕೆ ಅಂತ ಲಕ್ಕಮ್ಮ ಕೇಳಿದಳು, ಹೆಚ್ಚಿನದ್ದನ್ನು ವಾಪಸ್ ಹಾಕಿ ಬರಲು ಹೇಳಿದಳು. ಎಷ್ಟು ಇದ್ದರೆ ಸಾಕು ಅನ್ನುವ ದೊಡ್ಡ ಚರ್ಚೆ ಅಡುಗೆಮನೆಯ ಅಕ್ಕಿಯ ಲೆಕ್ಕದಿಂದ ಶುರುವಾಯಿತು. ಲಕ್ಕಮ್ಮ ಕೇಳಿದ್ದು ಅಳತೆಯ ಪ್ರಶ್ನೆ, ಅಲ್ವಾ? ಅವಳು ಗಂಡನಿಗೆ ‘ಆಸೆಯ ಬಗ್ಗೆ ನಿಮ್ಮ ನಿಲುವೇನು’ ಅಂತ ಕೇಳಲಿಲ್ಲ.

ಮಾತು ಅಡ್ಡದಾರಿ ಹಿಡಿದರೆ ಎಳೆದು ತರಬೇಡಿ. ಹಟ್ಟಿಯ ಚಿನ್ನದ ಗಣಿಯಿಂದ ನಿವೃತ್ತರಾದ ಒಬ್ಬರ ಹತ್ತಿರ ನಾನು ಸುರಂಗದ ವಿಷಯ ಕೇಳಲು ಹೋಗಿದ್ದೆ. ಅವರು ಒಂದು ತಾಸು ತಮ್ಮ ಎಮ್ಮೆಯ ವಿಷಯ ಮಾತಾಡಿದರು. ನನಗೆ ಒಳಗೊಳಗೇ ಸಿಟ್ಟು. ಕೊನೆಗೆ ಗೊತ್ತಾಯಿತು: ರಾತ್ರಿ ಪಾಳಿ ಮುಗಿಸಿ ಮೇಲೆ ಬಂದ ಮೇಲೆ ಹಗಲಲ್ಲಿ ನಿದ್ದೆ ಬರುತ್ತಿರಲಿಲ್ಲ, ಅದಕ್ಕೇ ಎಮ್ಮೆ ಸಾಕಿದ್ದು. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಕಲ್ಲಿನಲ್ಲಿ ಅದು ಕಣ್ಣಿಗೆ ಕಾಣುವುದೇ ಅಪರೂಪ. ‘ಚಿನ್ನ ನಾ ನೋಡಿದ್ದು ಹೆಂಡ್ತಿ ಕೊಳ್ಳಾಗ. ಹಾಲು ಮಾತ್ರ ದಿನಾ ಕಣ್ಣಿಗೆ ಕಾಣ್ತಿತ್ತು’ ಅಂದರು. ಎಮ್ಮೆಯ ಮಾತು ತಡೆದಿದ್ದರೆ ಈ ಮಾತು ಎಲ್ಲಿ ಬರುತ್ತಿತ್ತು? ಮಸ್ಕಿಯ ಅಶೋಕನ ಶಾಸನವೂ ಹೀಗೇ. 1915ರಲ್ಲಿ ಅದನ್ನು ಗುರುತಿಸಿದವರು ಬೀಡನ್ ಅನ್ನುವ ಚಿನ್ನದ ಗಣಿಯ ಇಂಜಿನಿಯರ್. ಆ ಕಲ್ಲಿನಲ್ಲಿ ಚಿನ್ನ ಇರಲಿಲ್ಲ, ಅಶೋಕನ ಹೆಸರಿತ್ತು.

ಮಾತು ಎಲ್ಲಿಂದ ಶುರು ಮಾಡಬೇಕು ಅಂತ ತೋಚದಿದ್ದರೆ ಎಲ್ಲರಿಗೂ ಗೊತ್ತಿರುವ ಒಂದು ದಿನ ಹಿಡಿದುಕೊಳ್ಳಿ. ಗಂಗಾವತಿಯಿಂದ ಸಿಂಧನೂರಿನವರೆಗೆ ಈಗ ಒಂದೇ ಪ್ರಶ್ನೆ ಸಾಕು: ‘19ನೇ ಗೇಟ್ ಹೋದ ರಾತ್ರಿ ನೀವೆಲ್ಲಿದ್ರಿ?’ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ ಒಂದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆಗ ರೈತರಿಗೆ ಮೊದಲು ಹೊಳೆದದ್ದು ಪ್ರವಾಹ ಅಲ್ಲ, ಬೇಸಿಗೆ ಬೆಳೆ. ನೀರು ಹರಿದು ಹೋದರೆ ಎರಡನೇ ಬೆಳೆ ಇಲ್ಲ. ಕಾಲುವೆಯ ಗ್ಯಾಂಗ್‌ಮನ್ ಒಂದು ಕಥೆ ಹೇಳುತ್ತಾರೆ, ಕಾಲುವೆಯ ಕೊನೆಯಲ್ಲಿರುವ ಟೇಲೆಂಡ್ ರೈತ ಇನ್ನೊಂದು. ಗೊಬ್ಬರದಂಗಡಿಯವರು ಉದ್ರಿ ಕೊಟ್ಟದ್ದನ್ನು ನೆನೆದು ಮೂರನೆಯದು. ಹರಿಯುವ ನೀರಿನಲ್ಲೇ ಒಂದು ವಾರದೊಳಗೆ ಸ್ಟಾಪ್‌ಲಾಗ್ (ಗೇಟಿನ ಬದಲು ನೀರು ತಡೆಯುವ ತಡೆ) ಇಳಿಸಿದ ತಂಡದ ಕನ್ನಯ್ಯ ನಾಯ್ಡು ಅವರ ಹೆಸರು ಎಲ್ಲರಿಗೂ ಗೊತ್ತು. ಕ್ರೇನ್ ನಡೆಸಿದವರು, ಬೆಸುಗೆ ಹಾಕಿದವರು ನಿಮ್ಮ ಜಿಲ್ಲೆಯಲ್ಲೇ ಯಾರಾದರೂ ಇರಬಹುದು, ಹುಡುಕಿ. ವಯಸ್ಸಾದವರಿಗೆ 2009ರ ಅಕ್ಟೋಬರಿನ ನೆರೆ ಕೇಳಿ. ದಿನ ಗಟ್ಟಿಯಾಗಿದ್ದರೆ ನೆನಪೂ ಗಟ್ಟಿಯಾಗಿರುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದನ್ನೂ ಕಲಿಯಬೇಕು. ಶಿಕ್ಷಕರಿಗೆ ಇದು ಕಷ್ಟ. ತರಗತಿಯಲ್ಲಿ ಹುಡುಗ ಮೂರು ಸೆಕೆಂಡ್ ಸುಮ್ಮನಿದ್ದರೆ ನಾವೇ ಉತ್ತರ ಹೇಳಿಬಿಡುತ್ತೇವೆ. ಇಲ್ಲಿ ಹಾಗೆ ಮಾಡಬೇಡಿ. ಅವರು ಎಲೆ ಅಡಿಕೆ ಹಾಕಿಕೊಳ್ಳಲಿ, ಬೀಡಿ ಹಚ್ಚಲಿ, ರಸ್ತೆ ನೋಡಲಿ. ಒಳ್ಳೆಯ ಮಾತು ಆ ತೆರಪಿನ ಆಚೆ ಇರುತ್ತದೆ. ಮತ್ತೆ ಒಂದೇ ಭೇಟಿಗೆ ಮುಗಿಸಬೇಡಿ. ಮೊದಲ ಸಲ ಒಗ್ಗರಣೆ ಮಂಡಾಳು, ಮಿರ್ಚಿ ತಿಂದು ಎದ್ದು ಬಂದರೂ ಅಡ್ಡಿ ಇಲ್ಲ. ಎರಡನೇ ಸಲ ‘ಅವತ್ತು ಒಂದು ಮಾತು ಬಿಟ್ಟಿದ್ದೆ ನೋಡ್ರಿ’ ಅಂತ ಅವರೇ ಶುರು ಮಾಡುತ್ತಾರೆ.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಾತಾಡುವವರಿಂದ ಒಂದು ಗೇಣು ದೂರ ಟವೆಲ್ ಮೇಲಿಡಿ. ಫ್ಯಾನ್ ಆರಿಸಿ. ಏಪ್ರಿಲ್‌ನಲ್ಲಿ ಆರಿಸಿದರೆ ಇಬ್ಬರೂ ಬೇಯುತ್ತೀರಿ, ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೇ ಹೋಗಿ. ಮನೆಗೆ ಬಂದ ದಿನವೇ ಇನ್ನೊಂದು ಕಡೆ ಪ್ರತಿ ತೆಗೆದಿಡಿ.

ಒಪ್ಪಿಗೆಯ ವಿಷಯದಲ್ಲಿ ಮಾತ್ರ ನಿಧಾನಿಸಿ. ನನ್ನಿಂದ ಒಂದು ತಪ್ಪಾಗಿದೆ. ಒಂದು ದೊಡ್ಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದವರ ಮಾತನ್ನು ಹೆಸರು ಸಮೇತ ಪ್ರಸಾರ ಮಾಡಿದೆ. ಅವರೇ ಒಪ್ಪಿದ್ದರು, ಖುಷಿಯಾಗಿಯೇ ಒಪ್ಪಿದ್ದರು. ಆದರೆ ಮರುವಾರ ಅವರ ಗೇಟ್ ಪಾಸ್ ನವೀಕರಣ ಆಗಲಿಲ್ಲ. ಒಂದು ತಿಂಗಳು ಮನೆಯಲ್ಲಿ ಕೂತರು. ನನ್ನ ಮೇಲೆ ಸಿಟ್ಟಾಗಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಅಂದಿನಿಂದ ಒಪ್ಪಿಗೆಯನ್ನು ಎರಡು ಸಲ ಕೇಳುತ್ತೇನೆ, ಮಾತಿಗೆ ಮುಂಚೆ ಒಮ್ಮೆ, ಎಲ್ಲ ಮುಗಿದ ಮೇಲೆ ಒಮ್ಮೆ. ಮಾತಾಡುವ ಮುಂಚೆ ತಾನು ಏನು ಹೇಳಿಬಿಡುತ್ತೇನೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅವರು ಬೇಡ ಅಂದ ಭಾಗ ಎಷ್ಟೇ ಚೆನ್ನಾಗಿರಲಿ, ಅಳಿಸಿ. ಅವರು ಹೇಳದಿದ್ದರೂ ಅಪಾಯ ಕಂಡರೆ ಹೆಸರು ತೆಗೆಯಿರಿ. ದುಡ್ಡು ಕೊಡಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಾತಿಗೆ ದುಡ್ಡು ಬೇಡ. ನಿಮ್ಮಿಂದ ಅರ್ಧ ದಿನದ ಕೂಲಿ ಕೆಟ್ಟರೆ ಅದನ್ನು ಕೊಟ್ಟೇ ಬನ್ನಿ.

ಇನ್ನು ಬರೆಯುವ ಭಾಷೆ. ಒಂದು ತಾಸಿನ ಮಾತು ಬರೆದಿಳಿಸಲು ಐದಾರು ತಾಸು ಬೇಕು, ಅದಕ್ಕೆ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅವರ ‘ಐತಿ’ಯನ್ನು ‘ಇದೆ’ ಮಾಡಬೇಡಿ. ‘ಇದೆ’ ಅಂದ ಕೂಡಲೇ ಅವರ ಬದಲು ನೀವು ಮಾತಾಡಿದ ಹಾಗಾಗುತ್ತದೆ. ಆದರೆ ಪ್ರತಿ ಉಸಿರನ್ನೂ, ಪ್ರತಿ ತೊದಲನ್ನೂ ಅಕ್ಷರಕ್ಕೆ ಇಳಿಸಿ ಓದುವವರಿಗೆ ನಗು ಬರುವ ಹಾಗೂ ಮಾಡಬೇಡಿ. ನಾಟಕದ ಹಾಸ್ಯಗಾರನ ಮಾತಿನಂತೆ ಕಂಡರೆ ಅದು ಅವರಿಗೆ ಮಾಡಿದ ಅವಮಾನ. ನನ್ನ ರೂಢಿ ಹೀಗಿದೆ: ಅವರ ಪದ, ಅವರ ಕ್ರಿಯಾಪದ, ಅವರ ವಾಕ್ಯದ ತಿರುವು ಹಾಗೇ ಇರಲಿ. ಮತ್ತೆ ಮತ್ತೆ ಬಂದದ್ದನ್ನು ಕಡಿಮೆ ಮಾಡುತ್ತೇನೆ. ನನ್ನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ತೆಗೆದುಬಿಡುತ್ತೇನೆ. ಬರೆದದ್ದನ್ನು ಅವರಿಗೆ ಓದಿ ಹೇಳುತ್ತೇನೆ. ‘ಹೌದು, ಹಿಂಗ ಅಂದಿದ್ದೆ’ ಅಂತ ಅವರು ನಕ್ಕರೆ ಸರಿಯಾಗಿದೆ ಅಂತ ಲೆಕ್ಕ.

ರಾಯಚೂರು ಕೋಟೆಗೆ ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋದರೆ ಪಶ್ಚಿಮದ ಒಳಗೋಡೆಯಲ್ಲಿ 41 ಅಡಿಗಿಂತ ಉದ್ದದ ಒಂದೇ ಕಲ್ಲು ತೋರಿಸಿ. ಅದರ ಮೇಲೆ 1294ರ ಶಾಸನ ಇದೆ. ಆ ಕಲ್ಲನ್ನು ಬಂಡಿಗೆ ಹೇರಿ, ಕೋಣಗಳ ಉದ್ದ ಸಾಲು ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೆತ್ತಿದ್ದಾರೆ. ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಆ ಕೋಣ ಹೊಡೆದವರಿಗೆ ಒಂದು ಪ್ರಶ್ನೆ ಕೇಳಬೇಕು ಅನಿಸುತ್ತದೆ: ಇಳಿಜಾರಿನಲ್ಲಿ ಬಂಡಿ ಹೆಂಗ ತಡೆದಿರಿ?

ಕೊನೆಗೆ ನಿಮ್ಮ ತಂದೆಯವರ ವಿಷಯ. ಅವರು ಎದ್ದು ಹೋದದ್ದು ಕೋಪಕ್ಕಲ್ಲ ಅನಿಸುತ್ತದೆ. ಮಗಳು ಮನೆಯಲ್ಲೇ ಕುರ್ಚಿ ಹಾಕಿ ‘ನಿಮ್ಮ ಜೀವನದ ಗುರಿ ಏನು’ ಅಂದರೆ ಯಾವ ಅಪ್ಪ ತಾನೇ ಕೂರುತ್ತಾರೆ? ಅವರನ್ನು ಕುರ್ಚಿಯಲ್ಲಿ ಕೂರಿಸಬೇಡಿ. ಸುಗ್ಗಿ ಮುಗಿದ ಮೇಲೆ ಯಾವುದಾದರೂ ಮಿಲ್ಲಿನ ಕಣದ ಹತ್ತಿರ ಕರೆದುಕೊಂಡು ಹೋಗಿ, ಒಣಗಲು ಹರಡಿದ ನೆಲ್ಲಿನ ಒಂದು ಹಿಡಿ ಕೈಗೆ ಕೊಡಿ. ಹಳಬರು ಕಾಳನ್ನು ಹಲ್ಲಲ್ಲಿ ಕಡಿದು ಅದರ ತೇವ ಹೇಳುತ್ತಿದ್ದರು. ಈಗ ಅದಕ್ಕೆ ಮೀಟರ್ ಬಂದಿದೆ. ಕಡಿದಾಗ ಏನು ಗೊತ್ತಾಗುತ್ತೆ ಅಂತ ಕೇಳಿ. ಆಮೇಲೆ ಇನ್ನೊಂದು ಕೇಳಿ: ಸರ್ಕಾರದ ಲೆಕ್ಕದಲ್ಲಿ 100 ಕೆ.ಜಿ. ನೆಲ್ಲಿಗೆ 67 ಕೆ.ಜಿ. ಅಕ್ಕಿ ಬರಬೇಕು, ನಿಮ್ಮ ಕಾಲದಲ್ಲಿ ನಿಜವಾಗಿ ಎಷ್ಟು ಬರುತ್ತಿತ್ತು ಅಪ್ಪಾ? ನುಚ್ಚು ಯಾರ ಪಾಲಿಗೆ, ತೌಡು ಯಾರ ಪಾಲಿಗೆ?

ಹೋಗುವ ಮುಂಚೆ ಫೋನ್ ಪೂರ್ತಿ ಚಾರ್ಜ್ ಮಾಡಿಕೊಳ್ಳಿ.